ಹಿಮಸ್ತೂಪ

ಹಿಮಸ್ತೂಪವು ಚಳಿಗಾಲದಲ್ಲಿ ಬಳಕೆಯಾಗದೆ ಹರಿದುಹೋಗುವ ತೊರೆಯ ನೀರನ್ನು ಶಂಕುವಿನ ಆಕಾರದ ಮಂಜುಗಡ್ಡೆಯಾಗಿ ಸಂಗ್ರಹಿಸಿಡುವ ಕೃತಕ ರಚನೆಯಾಗಿದೆ. ಲಡಾಖ್‌ನ ಎಂಜಿನಿಯರ್ ಸೋನಮ್ ವಾಂಗ್‌ಚುಕ್ ಇದರ ಮೊದಲ ಮಾದರಿಯನ್ನು 2013ರಲ್ಲಿ ನಿರ್ಮಿಸಿದರು. ಬೌದ್ಧ ಸ್ತೂಪವನ್ನು ಹೋಲುವುದರಿಂದ ಇದಕ್ಕೆ ಈ ಹೆಸರು ಬಂದಿದೆ.

ಹಿನ್ನೆಲೆ

ಲಡಾಖ್ ಒಂದು ಶೀತ ಮರುಭೂಮಿ. ಸುಮಾರು 3,500 ಮೀಟರ್ ಎತ್ತರದಲ್ಲಿರುವ ಲೇಹ್‌ನಲ್ಲಿ ವಾರ್ಷಿಕ ಮಳೆಯ ಪ್ರಮಾಣ ಸುಮಾರು 100 ಮಿಲಿಮೀಟರ್ ಮಾತ್ರ. ಇಲ್ಲಿನ ಬೇಸಾಯವು ಹಿಮ ಕರಗಿ ಬರುವ ನೀರನ್ನು ಅವಲಂಬಿಸಿದೆ. ಬಿತ್ತನೆ ನಡೆಯುವ ಏಪ್ರಿಲ್–ಮೇ ತಿಂಗಳುಗಳಲ್ಲಿ ಎತ್ತರದ ಹಿಮನದಿಗಳು ಇನ್ನೂ ಸಾಕಷ್ಟು ಕರಗಿರುವುದಿಲ್ಲ. ಈ ಕೊರತೆಯನ್ನು ನೀಗಿಸಲು ಚೆವಾಂಗ್ ನಾರ್ಫೆಲ್ ಅವರು 1980ರ ದಶಕದಿಂದಲೇ ಕೃತಕ ಹಿಮನದಿಗಳನ್ನು ನಿರ್ಮಿಸಿದ್ದರು. ಸಮತಟ್ಟಾಗಿ ಹರಡಿದ ಅವುಗಳಿಗೆ ಎತ್ತರದ, ನೆರಳಿರುವ ಸ್ಥಳಗಳು ಬೇಕಾಗಿದ್ದವು. ಹಿಮಸ್ತೂಪವನ್ನು ಹಳ್ಳಿಯ ಸಮೀಪದಲ್ಲಿಯೇ ಕಟ್ಟಬಹುದು.

ಹೆಪ್ಪುಗಟ್ಟುವಿಕೆ

ಎತ್ತರದ ಸ್ಥಳದಿಂದ ಕೊಳವೆಯ ಮೂಲಕ ಇಳಿಯುವ ನೀರು ತನ್ನ ಒತ್ತಡದಿಂದಲೇ ಕಾರಂಜಿಯಂತೆ ಚಿಮ್ಮುತ್ತದೆ, ಪಂಪಿನ ಅಗತ್ಯವಿಲ್ಲ. 0 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ 1 ಕಿಲೋಗ್ರಾಂ ನೀರು ಮಂಜುಗಡ್ಡೆಯಾಗಲು ಸುಮಾರು 334 ಕಿಲೋಜೂಲ್ ಗುಪ್ತೋಷ್ಣವನ್ನು ಬಿಟ್ಟುಕೊಡಬೇಕು. ನೀರು ಹನಿಗಳಾಗಿ ಒಡೆದಾಗ ಅದರ ಮೇಲ್ಮೈ ಹೆಚ್ಚುವುದರಿಂದ ಈ ಶಾಖವು ಗಾಳಿಗೆ ಶೀಘ್ರವಾಗಿ ವರ್ಗವಾಗುತ್ತದೆ. ಒಣಹವೆಯಲ್ಲಿ ಸ್ವಲ್ಪ ನೀರು ಆವಿಯಾಗಿ ಉಳಿದುದನ್ನು ತಂಪುಗೊಳಿಸುತ್ತದೆ. 1 ಕಿಲೋಗ್ರಾಂ ನೀರು ಆವಿಯಾಗುವಾಗ ಹೀರುವ ಸುಮಾರು 2,500 ಕಿಲೋಜೂಲ್ ಶಾಖವು 7 ಕಿಲೋಗ್ರಾಂ ನೀರು ಹೆಪ್ಪುಗಟ್ಟುವಾಗ ಬಿಡುವ ಶಾಖಕ್ಕಿಂತ ಹೆಚ್ಚು. ಕೆಳಗೆ ಬಿದ್ದ ನೀರು ಪದರಪದರವಾಗಿ ಗಟ್ಟಿಯಾಗಿ ಶಂಕು ಬೆಳೆಯುತ್ತದೆ.

ಕರಗುವಿಕೆ

ಹೆಪ್ಪುಗಟ್ಟಲು ನೆರವಾದ ವಿಶಾಲ ಮೇಲ್ಮೈ ವಸಂತದಲ್ಲಿ ತೊಡಕಾಗುತ್ತದೆ, ಏಕೆಂದರೆ ಬಿಸಿಲು ಮತ್ತು ಬೆಚ್ಚನೆಯ ಗಾಳಿಯ ಶಾಖವು ಮೇಲ್ಮೈಯ ಮೂಲಕವೇ ಒಳಸೇರುತ್ತದೆ. 1,000 ಘನ ಮೀಟರ್ ಮಂಜುಗಡ್ಡೆಯನ್ನು 1 ಮೀಟರ್ ದಪ್ಪಕ್ಕೆ ಹರಡಿದರೆ 1,000 ಚದರ ಮೀಟರ್ ಮೇಲ್ಮೈ ಬಿಸಿಲಿಗೆ ತೆರೆದಿರುತ್ತದೆ. ಹೆಚ್ಚುಕಡಿಮೆ ಅಷ್ಟೇ ಮಂಜುಗಡ್ಡೆಯನ್ನು 10 ಮೀಟರ್ ತ್ರಿಜ್ಯ ಮತ್ತು 10 ಮೀಟರ್ ಎತ್ತರದ ಶಂಕುವಾಗಿಸಿದರೆ ತೆರೆದ ಮೇಲ್ಮೈ ಸುಮಾರು 444 ಚದರ ಮೀಟರ್‌ಗೆ ಇಳಿಯುತ್ತದೆ. ಶಂಕುವಿನ ಅಳತೆಗಳನ್ನು ಇಮ್ಮಡಿಗೊಳಿಸಿದರೆ ಮೇಲ್ಮೈ ನಾಲ್ಕು ಪಟ್ಟು, ಘನಗಾತ್ರ ಎಂಟು ಪಟ್ಟು ಆಗುತ್ತದೆ. ಆದ್ದರಿಂದ ದೊಡ್ಡ ಸ್ತೂಪವು ಹೆಚ್ಚು ಕಾಲ ಉಳಿಯುತ್ತದೆ.

ಮಿತಿಗಳು

ಹರಿವು ನಿಂತರೆ ಕೊಳವೆಯಲ್ಲಿನ ನೀರು ಹೆಪ್ಪುಗಟ್ಟಿ ಮಾರ್ಗವೇ ಮುಚ್ಚಿಹೋಗಬಹುದು. ಚಿಮ್ಮಿದ ನೀರೆಲ್ಲವೂ ಮಂಜುಗಡ್ಡೆಯಾಗುವುದಿಲ್ಲ. ಧೂಳು ಕುಳಿತ ಮೇಲ್ಮೈ ಬಿಸಿಲನ್ನು ಹೆಚ್ಚಾಗಿ ಹೀರಿ ಬೇಗ ಕರಗುತ್ತದೆ. ತೊರೆಯೇ ಬತ್ತಿದರೆ ಸ್ತೂಪ ಕಟ್ಟಲು ನೀರಿರದು. ಆದುದರಿಂದ ಇದನ್ನು ಕ್ಷೀಣಿಸುತ್ತಿರುವ ಹಿಮನದಿಗಳಿಗೆ ಪರ್ಯಾಯವೆಂದು ಪರಿಗಣಿಸಲಾಗದು.