ಓಬವ್ವನಾದ ಮರುವರ್ಷವೇ ಮಾಧವಿ

ಬಳ್ಳಾರಿ ಎಂದೊಡನೆ ಕಲಾಪ್ರಿಯರಿಗೆ ನೆನಪಾಗುವುದು ರಂಗಭೂಮಿ. ಬಳ್ಳಾರಿ ರಾಘವ, ಸುಭದ್ರಮ್ಮ ಮನ್ಸೂರ್ ಅವರ ಹೆಸರನ್ನು ಹಚ್ಚೊಳ್ಳಿ, ಕುರುಗೋಡು ಸೀಮೆಯ ಹಿರಿಯರಿಗೆ ಪರಿಚಯಿಸಬೇಕಾಗಿಲ್ಲ. ಆದರೆ 'ಅಭಿನಯ ಶಾರದೆ' ಜಯಂತಿ ಹುಟ್ಟಿದ್ದೂ ಬಳ್ಳಾರಿಯಲ್ಲೇ ಎಂಬುದು ಎಷ್ಟೋ ಮಂದಿಗೆ ತಿಳಿಯದು. 1945ರಲ್ಲಿ ಹುಟ್ಟಿದ ಕಮಲಾಕುಮಾರಿ ತಾಯಿಯೊಡನೆ ಮದರಾಸು ಸೇರಿ, ನೃತ್ಯ ಕಲಿತು, ವೈ.ಆರ್. ಸ್ವಾಮಿ ಅವರ 'ಜೇನುಗೂಡು' (1963) ಚಿತ್ರದ ಹೊತ್ತಿಗೆ ಜಯಂತಿಯಾದರು.

ಆ ಕಾಲದ ನಾಯಕಿಗೆ ಗೆರೆಯೊಂದಿತ್ತು. ಸೀರೆ, ಕುಂಕುಮ, ಕಣ್ಣೀರು. 'ಮಿಸ್ ಲೀಲಾವತಿ'ಯಲ್ಲಿ (1965) ಈಜುಡುಗೆ ತೊಟ್ಟು ಜಯಂತಿ ಆ ಗೆರೆ ದಾಟಿದರು. ಗುಲ್ಲೆದ್ದದ್ದು ಉಡುಪಿನ ಬಗ್ಗೆ. ನಿಜವಾದ ಧೈರ್ಯ ಬೇಕಾಗಿದ್ದುದು ಮುಂದೆ.

1972ರ 'ನಾಗರಹಾವು' ಚಿತ್ರದಲ್ಲಿ ಪುಟ್ಟಣ್ಣ ಕಣಗಾಲ್ ಅವರನ್ನು ಒನಕೆ ಓಬವ್ವನನ್ನಾಗಿಸಿದರು. ಕೆಲವೇ ನಿಮಿಷಗಳ ಪಾತ್ರ, ನಾಡೇ ಕೈಮುಗಿಯಿತು. ಹಾಗೆ ಪೂಜೆಗೊಂಡ ನಟಿ ಮರುವರ್ಷ ಅದೇ ನಿರ್ದೇಶಕರ 'ಎಡಕಲ್ಲು ಗುಡ್ಡದ ಮೇಲೆ' ಚಿತ್ರದಲ್ಲಿ, ಗಂಡನಿದ್ದೂ ಯುವಕನೊಬ್ಬನಿಗೆ ಮನಸೋಲುವ ಮಾಧವಿಯಾದರು! ಭಾರತೀಸುತರ ಕಾದಂಬರಿಯ ಕಥೆ ಅದು. ಯುದ್ಧದಲ್ಲಿ ಗಾಯಗೊಂಡು ದಾಂಪತ್ಯಸುಖಕ್ಕೆ ಎರವಾದ ಗಂಡ. ಅವನ ಮೇಲೆ ಅವಳಿಗೆ ದ್ವೇಷವೇನೂ ಇಲ್ಲ. ತೊಡಕಿರುವುದೇ ಅಲ್ಲಿ.

ಹಾಲಿವುಡ್ಡಿನಲ್ಲಿ ಇಂಥ ಹೆಣ್ಣುಗಳಿಗೆಂದೇ ಒಂದು ಬಗೆಯ ಚಿತ್ರಗಳಿದ್ದವು. ನೆರಳು, ಅಪರಾಧ, ಅಪನಂಬಿಕೆಗಳೇ ತುಂಬಿದ 1940ರ ದಶಕದ ಆ ಚಿತ್ರಗಳನ್ನು ಫ್ರೆಂಚ್ ವಿಮರ್ಶಕರು 'ಫಿಲ್ಮ್ ನ್ವಾರ್', ಅಂದರೆ ಕಪ್ಪುಚಿತ್ರ ಎಂದು ಕರೆದರು. 'ಡಬಲ್ ಇಂಡೆಮ್ನಿಟಿ'ಯಲ್ಲಿ (1944) ಬಾರ್ಬರಾ ಸ್ಟ್ಯಾನ್ವಿಕ್ ವಿಮೆ ಹಣಕ್ಕಾಗಿ ಪ್ರಿಯಕರನ ಕೈಯಿಂದ ಗಂಡನನ್ನು ಕೊಲ್ಲಿಸುತ್ತಾಳೆ. ತಪ್ಪಿತಸ್ಥರಿಗೆ ಶಿಕ್ಷೆಯಾಗಲೇಬೇಕೆಂಬುದು ಅಲ್ಲಿನ ನೀತಿಸಂಹಿತೆ. ಕೊನೆಗೆ ಅವಳೂ ಗುಂಡೇಟಿಗೆ ಬಲಿ.

ಮಾಧವಿಯನ್ನೂ ಕಥೆ ಬದುಕಗೊಡುವುದಿಲ್ಲ. ಆದರೆ ಇಲ್ಲಿ ಕೊಲೆಯ ಸಂಚಿಲ್ಲ, ಹಣದಾಸೆಯಿಲ್ಲ, ನೆರಳಿನ ಬದಲು ಗುಡ್ಡದ ಹಸಿರು. ಖಳನಾಯಕಿಯನ್ನು ಬೈದು ಮನೆಗೆ ಹೋಗುವುದು ಪ್ರೇಕ್ಷಕನಿಗೆ ಸುಲಭ. ಮಾಧವಿ ಆ ಅನುಕೂಲ ಕೊಡುವುದಿಲ್ಲ. ಆಸೆ, ಅದರ ಬೆನ್ನಿಗೇ ನಾಚಿಕೆ, ಮತ್ತೆ ಆಸೆ — ಇಷ್ಟನ್ನೂ ಜಯಂತಿ ಹೆಚ್ಚಾಗಿ ಕಣ್ಣಿನಲ್ಲೇ ನಡೆಸುತ್ತಾರೆ. ಪಾತ್ರವನ್ನು ಒಂದಿಷ್ಟು ಅಶ್ಲೀಲವಾಗಿಸಿದ್ದರೂ, ಒಂದಿಷ್ಟು ಪತಿವ್ರತೆಯಾಗಿಸಿದ್ದರೂ ಚಿತ್ರ ಕುಸಿಯುತ್ತಿತ್ತು. ರಾಜ್ಯದ ಶ್ರೇಷ್ಠ ನಟಿ ಪ್ರಶಸ್ತಿ ಈ ಪಾತ್ರಕ್ಕೆ ಬಂದುದು ಗಮನಾರ್ಹ.

ರಾಜ್‌ಕುಮಾರ್ ಜೊತೆ 'ಜೇಡರ ಬಲೆ' (1968) ಸೇರಿದಂತೆ ಹತ್ತಾರು ಜನಪ್ರಿಯ ಚಿತ್ರಗಳಿದ್ದ ನಟಿಗೆ ಇಂಥ ಪಾತ್ರದ ಹಂಗೇನೂ ಇರಲಿಲ್ಲ. ಆದರೂ ಪುಟ್ಟಣ್ಣನವರ ಕೊನೆಯ ಚಿತ್ರ 'ಮಸಣದ ಹೂವು'ವಿನಲ್ಲಿ ಜಯಂತಿ ವೇಶ್ಯಾಗೃಹ ನಡೆಸುವ ಹೆಂಗಸಾಗಿ ಕಾಣಿಸಿಕೊಂಡರು. 1985ರಲ್ಲಿ ಪುಟ್ಟಣ್ಣ ತೀರಿಕೊಂಡ ಮೇಲೆ ಅದನ್ನು ಪೂರ್ಣಗೊಳಿಸಿದವರು ಕೆ.ಎಸ್.ಎಲ್. ಸ್ವಾಮಿ.

ಜಯಂತಿ 2021ರ ಜುಲೈ 26ರಂದು ಬೆಂಗಳೂರಿನಲ್ಲಿ ನಿಧನರಾದರು. ಶಾಲಾ ವಾರ್ಷಿಕೋತ್ಸವಗಳಲ್ಲಿ ಹುಡುಗಿಯರು ಇಂದಿಗೂ ಅವರ ಓಬವ್ವನಂತೆ ಒನಕೆ ಹಿಡಿದು ನಿಲ್ಲುತ್ತಾರೆ. ಮಾಧವಿಯ ವೇಷ ಹಾಕುವವರಿಲ್ಲ.