ಕನ್ನಡಿ ಕಳೆದುಕೊಂಡ ಕ್ಯಾಮರಾ

‘ಅಂಗೈ ಹುಣ್ಣಿಗೆ ಕನ್ನಡಿ ಏಕೆ?’ ಎಂದು ಹಿರಿಯರು ಕೇಳುತ್ತಿದ್ದರು. ಎದುರಿಗೇ ಇರುವುದನ್ನು ಕಾಣಲು ಮತ್ತೊಂದು ಸಾಧನವೇಕೆ ಎಂಬುದು ಆ ಗಾದೆಯ ಇಂಗಿತ. ಛಾಯಾಗ್ರಹಣದ ಲೋಕದಲ್ಲಿ ಮಾತ್ರ ಈ ಪ್ರಶ್ನೆ ಬಹುಕಾಲ ಏಳಲೇ ಇಲ್ಲ. ಉತ್ತಮ ಕ್ಯಾಮರಾ ಎಂದರೆ ತನ್ನ ಒಡಲಲ್ಲಿ ಒಂದು ಕನ್ನಡಿಯನ್ನು ಹೊತ್ತಿರಲೇಬೇಕೆಂಬುದು ಅರ್ಧ ಶತಮಾನ ಬಾಳಿದ ನಂಬಿಕೆ. ಆ ಕನ್ನಡಿಯನ್ನು ತೆಗೆದುಹಾಕಿದ ಪುಟ್ಟ ಕ್ಯಾಮರಾಗಳು ಇಂದು ಅಂಗಡಿಗಳನ್ನು ತುಂಬಿವೆ. ಕನ್ನಡಿ ಹೋದುದರಿಂದ ಲಾಭವೆಷ್ಟು, ನಷ್ಟವೆಷ್ಟು? ತಿಂಗಳ ಸಂಬಳದಲ್ಲಿ ಒಂದಿಷ್ಟು ಉಳಿಸಿ ಮನೆಗೊಂದು ಕ್ಯಾಮರಾ ತರಬೇಕೆಂದಿರುವ ಸಂಸಾರಗಳು, ಹಣ ಎಣಿಸುವ ಮುನ್ನ ಈ ಲೆಕ್ಕವನ್ನು ಒಮ್ಮೆ ನೋಡುವುದು ಒಳ್ಳೆಯದು.

ಕನ್ನಡಿಯ ಕೆಲಸ

ಕನ್ನಡಿಯುಳ್ಳ ಕ್ಯಾಮರಾದಲ್ಲಿ ಮಸೂರದ ಹಿಂದೆ 45 ಡಿಗ್ರಿ ಓರೆಯಾಗಿ ಒಂದು ಕನ್ನಡಿ ನಿಂತಿರುತ್ತದೆ. ಒಳಬಂದ ಬೆಳಕು ಅದಕ್ಕೆ ತಾಗಿ ಮೇಲಕ್ಕೆ ಹೊರಳಿ, ಗಾಜಿನ ಪಟ್ಟಕವೊಂದರಲ್ಲಿ ತಿರುಗಿ, ಕಣ್ಣಿಟ್ಟು ನೋಡುವ ಕಿಂಡಿಯನ್ನು ಸೇರುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಫಕ್ಕನೆ ಮೇಲೆದ್ದು ಬೆಳಕಿಗೆ ದಾರಿ ಬಿಡುತ್ತದೆ. ಚಿತ್ರ ಮೂಡಿದ ಮೇಲೆ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. 1936ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಿಂದ ಬಂದ ಕಿನೆ ಎಕ್ಸಾಕ್ಟಾ ಈ ವಿಧಾನವನ್ನು 35 ಮಿಲಿಮೀಟರ್ ಫಿಲ್ಮಿಗೆ ಅಳವಡಿಸಿತು. 1959ರಲ್ಲಿ ಹೊರಬಂದ ಜಪಾನಿನ ನೈಕಾನ್ ಎಫ್, ಅದನ್ನು ಪತ್ರಿಕಾ ಛಾಯಾಗ್ರಾಹಕರ ನೆಚ್ಚಿನ ಸಾಧನವನ್ನಾಗಿ ಮಾಡಿತು.

ಫಿಲ್ಮಿನ ಕಾಲದಲ್ಲಿ ಕನ್ನಡಿಗೆ ಬಲವಾದ ಕಾರಣವಿತ್ತು. ಫಿಲ್ಮು ತಾನು ಕಂಡುದನ್ನು ಆಗಲೇ ಹೇಳಲಾರದು, ತೊಳೆಯುವವರೆಗೆ ಕಾಯಬೇಕು. ಮಸೂರ ಕಾಣುವುದನ್ನೇ ಕಣ್ಣೂ ಕಾಣಬೇಕಾದರೆ ಕನ್ನಡಿಯ ಮೊರೆಹೋಗಬೇಕಾಗಿತ್ತು. ಫಿಲ್ಮಿನ ಸ್ಥಾನಕ್ಕೆ ಸಂವೇದಕ, ಅಂದರೆ ಸೆನ್ಸರ್, ಬಂದ ಮೇಲೆ ಸ್ಥಿತಿ ಬದಲಾಯಿತು. ಸಂವೇದಕ ತಾನು ಕಾಣುವುದನ್ನು ಕ್ಷಣಕ್ಷಣಕ್ಕೂ ತೆರೆಯ ಮೇಲೆ ತೋರಿಸಬಲ್ಲುದು. ಹಾಗಾದರೆ ಕನ್ನಡಿ ಏಕೆ? 2008ರಲ್ಲಿ ಪ್ಯಾನಾಸೋನಿಕ್ ಸಂಸ್ಥೆಯ ಲ್ಯೂಮಿಕ್ಸ್ ಜಿ1 ಈ ಪ್ರಶ್ನೆಗೆ ಉತ್ತರವಾಗಿ ಬಂದಿತು. 2009ರಲ್ಲಿ ಒಲಿಂಪಸ್, 2010ರಲ್ಲಿ ಸೋನಿ ಅದೇ ದಾರಿ ಹಿಡಿದವು. 2018ರಲ್ಲಿ ನೈಕಾನ್ ಮತ್ತು ಕ್ಯಾನನ್ ಸಂಸ್ಥೆಗಳೂ ಕನ್ನಡಿಯಿಲ್ಲದ ದೊಡ್ಡ ಸಂವೇದಕದ ಕ್ಯಾಮರಾಗಳನ್ನು ಹೊರತಂದವು.

ಅಂಗೈಯಗಲದ ಯಂತ್ರ

ಈ ವರ್ಗದ ಗುಣಾವಗುಣಗಳನ್ನು ಅರಿಯಲು ಒಂದು ಮಾದರಿಯನ್ನು ಕೈಗೆತ್ತಿಕೊಳ್ಳುವುದು ಸುಲಭ. 2014ರ ಫೆಬ್ರವರಿಯಲ್ಲಿ ಪ್ರಕಟವಾದ ಸೋನಿ ಎ6000 ಹಲವು ವರ್ಷ ಮಾರಾಟದಲ್ಲಿದ್ದು ಬಹು ಜನರ ಕೈಸೇರಿದ ಕ್ಯಾಮರಾ. ಹೊಸದಾಗಿ ಬಂದಾಗ ಅಮೆರಿಕದಲ್ಲಿ ಅದರ ಬೆಲೆ ಮಸೂರಸಹಿತ ಸುಮಾರು 800 ಡಾಲರ್. ಇಂದು ಒಬ್ಬರು ಬಳಸಿದ ಸರಕಾಗಿಯೂ ಅದು ಕೈಬದಲಾಗುತ್ತಿದೆ.

ಅದರ ಮೊದಲನೆಯ ಗುಣ ಗಾತ್ರ. ಅಗಲ 120 ಮಿಲಿಮೀಟರ್, ಎತ್ತರ 67, ದಪ್ಪ 45. ಬ್ಯಾಟರಿ ಮತ್ತು ಕಾರ್ಡು ಸೇರಿ ತೂಕ 344 ಗ್ರಾಂ. ಅದೇ ಕಾಲದ, ಕನ್ನಡಿಯುಳ್ಳ ನೈಕಾನ್ ಡಿ5300 ತೂಗುವುದು 530 ಗ್ರಾಂ. ದಪ್ಪ 76 ಮಿಲಿಮೀಟರ್. ಎರಡರಲ್ಲಿಯೂ ಸಂವೇದಕದ ಅಳತೆ ಒಂದೇ, 23.5 ಮಿಲಿಮೀಟರಿಗೆ 15.6. ದಪ್ಪದ ವ್ಯತ್ಯಾಸದ ಬಹುಭಾಗ ಕನ್ನಡಿ ಓಡಾಡಲು ಬೇಕಾದ ಸ್ಥಳದಿಂದ ಬಂದುದು. ನೈಕಾನಿನಲ್ಲಿ ಮಸೂರ ಕೂರುವ ಬಳೆಗೂ ಸಂವೇದಕಕ್ಕೂ 46.5 ಮಿಲಿಮೀಟರ್ ಅಂತರವಿದ್ದರೆ, ಸೋನಿಯಲ್ಲಿ ಅದು ಕೇವಲ 18. ಹೀಗಾಗಿ ಈ ಕ್ಯಾಮರಾ ಕೈಚೀಲದ ಮೂಲೆಯಲ್ಲಿ ಹುದುಗಿ ಹೊರಡುತ್ತದೆ. ಬೀರುವಿನಲ್ಲಿ ಮಲಗಿರುವ ಭಾರಿ ಕ್ಯಾಮರಾಕ್ಕಿಂತ ಜೊತೆಯಲ್ಲಿ ಬಂದ ಚಿಕ್ಕದೇ ಮೇಲಲ್ಲವೆ?

ಎರಡನೆಯದು, ಬಿಂಬವನ್ನು ಸ್ಫುಟಗೊಳಿಸುವ ಚುರುಕು. ಕನ್ನಡಿಯ ಕ್ಯಾಮರಾದಲ್ಲಿ ಆ ಕೆಲಸಕ್ಕೆ ಬೇರೆಯೇ ಒಂದು ಸಂವೇದಕ ಕೆಳಗೆ ಕುಳಿತಿರುತ್ತದೆ. ಅದರ ಲೆಕ್ಕಕ್ಕೂ ಚಿತ್ರ ಮೂಡಿಸುವ ಸಂವೇದಕದ ಲೆಕ್ಕಕ್ಕೂ ಕೂದಲೆಳೆಯ ಅಂತರ ಬಿದ್ದರೂ ಸಾಕು, ಕಣ್ಣಿನ ಬದಲು ಕಿವಿ ಸ್ಫುಟವಾಗುತ್ತದೆ. ಇಲ್ಲಿ ಚಿತ್ರ ಮೂಡಿಸುವ ಸಂವೇದಕವೇ ದೂರವನ್ನೂ ಅಳೆಯುವುದರಿಂದ ಆ ಜಗಳವಿಲ್ಲ. ಚೌಕಟ್ಟಿನ ಬಹುಭಾಗವನ್ನು ಆವರಿಸಿರುವ 179 ಬಿಂದುಗಳು ಓಡುವ ಮಗುವನ್ನು ಹಿಂಬಾಲಿಸುತ್ತವೆ. ಸೆಕೆಂಡಿಗೆ 11 ಚಿತ್ರಗಳವರೆಗೆ ತೆಗೆಯಬಹುದು.

ಮೂರನೆಯ ಅನುಕೂಲವೇ ಹೊಸಬರಿಗೆ ಅತ್ಯಂತ ಉಪಕಾರಿ. ಕಿಂಡಿಯಲ್ಲಿ ಕಾಣುವುದು ಗಾಜಿನ ನೋಟವಲ್ಲ, ಮೂಡಲಿರುವ ಚಿತ್ರವೇ. ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಕುಳಿತ ಅಜ್ಜಿಯ ಮುಖ ಕಪ್ಪಾಗಲಿದೆಯೆಂಬುದು ಗುಂಡಿ ಒತ್ತುವ ಮೊದಲೇ ತಿಳಿಯುತ್ತದೆ, ತಿದ್ದಿಕೊಳ್ಳಲು ಅವಕಾಶವಿರುತ್ತದೆ. ಫಿಲ್ಮಿನ ಕಾಲದಲ್ಲಿ ಎಷ್ಟೋ ಸುರುಳಿಗಳನ್ನು ಹಾಳುಮಾಡಿ ಕಲಿಯಬೇಕಾಗಿದ್ದ ಪಾಠ ಇಲ್ಲಿ ಒಂದೇ ಸಂಜೆಗೆ ಲಭ್ಯ.

ನಾಲ್ಕನೆಯದು ಒಂದು ಅನಿರೀಕ್ಷಿತ ವರ. ಮಸೂರಕ್ಕೂ ಸಂವೇದಕಕ್ಕೂ ನಡುವೆ ಅಂತರ ಕಡಿಮೆಯಾದುದರಿಂದ, ಒಂದು ಲೋಹದ ಬಳೆಯನ್ನು ಸೇರಿಸಿ ಫಿಲ್ಮಿನ ಕಾಲದ ಮಸೂರಗಳನ್ನೂ ಜೋಡಿಸಬಹುದು. ತಾತನ ಪೆಟ್ಟಿಗೆಯಲ್ಲಿ ಹಳೆಯ 50 ಮಿಲಿಮೀಟರ್ ಮಸೂರವೊಂದು ಬೂಷ್ಟು ಹಿಡಿಯದೆ ಉಳಿದಿದ್ದರೆ ಅದಕ್ಕೆ ಮರುಜನ್ಮ. ಕೈಯಿಂದಲೇ ತಿರುಗಿಸಿ ಸ್ಫುಟಗೊಳಿಸಬೇಕೆಂಬುದೂ, ಸಂವೇದಕ ಚಿಕ್ಕದಾದುದರಿಂದ ಅದು 75 ಮಿಲಿಮೀಟರಿನಷ್ಟೇ ನೋಟವನ್ನು ಕೊಡುವುದೆಂಬುದೂ ನೆನಪಿರಬೇಕು. ಮುಖಚಿತ್ರಗಳಿಗೆ ಅದು ಹೇಳಿ ಮಾಡಿಸಿದಂತಿರುತ್ತದೆ.

ಅದೇ ಬೇರಿನ ದೋಷಗಳು

ವಿಚಿತ್ರವೆಂದರೆ, ಗುಣಗಳನ್ನು ಕೊಟ್ಟ ಕೈಯೇ ದೋಷಗಳನ್ನೂ ಕೊಟ್ಟಿದೆ. ಕನ್ನಡಿಗೆ ವಿದ್ಯುತ್ತು ಬೇಡ, ತೆರೆಗೆ ಬೇಕು. ಚಿತ್ರ ತೆಗೆಯಲಿ, ಬಿಡಲಿ, ನೋಡುತ್ತಿರುವಷ್ಟು ಹೊತ್ತೂ ಸಂವೇದಕವೂ ತೆರೆಯೂ ದುಡಿಯುತ್ತಲೇ ಇರಬೇಕು. ಪುಟ್ಟ ಒಡಲಿನಲ್ಲಿ ಹಿಡಿಸುವ ಬ್ಯಾಟರಿಯೂ ಪುಟ್ಟದೇ. ಫಲವಾಗಿ ಎ6000ದ ಒಂದು ಬ್ಯಾಟರಿಗೆ, ಉದ್ಯಮದ ಸಾಮಾನ್ಯ ಪರೀಕ್ಷೆಯ ಪ್ರಕಾರ, ಕಿಂಡಿಯಲ್ಲಿ ನೋಡಿದರೆ 310, ಹಿಂದಿನ ತೆರೆಯಲ್ಲಿ ನೋಡಿದರೆ 360 ಚಿತ್ರಗಳು. ಡಿ5300ಕ್ಕೆ 600. ಮುಹೂರ್ತದಿಂದ ಆರತಕ್ಷತೆಯವರೆಗೆ ನಡೆಯುವ ಮದುವೆಯಲ್ಲಿ ಎರಡನೆಯ ಬ್ಯಾಟರಿ ಜೇಬಿನಲ್ಲಿಲ್ಲದಿದ್ದರೆ ಊಟದ ಹೊತ್ತಿಗೇ ಕ್ಯಾಮರಾ ನಿದ್ರೆಗೆ ಜಾರೀತು. ಅದರೊಡನೆ ಬರುವುದು ಕ್ಯಾಮರಾಕ್ಕೇ ತಂತಿ ಸಿಕ್ಕಿಸಿ ವಿದ್ಯುತ್ತು ತುಂಬಿಸುವ ಏರ್ಪಾಡು. ಪ್ರತ್ಯೇಕ ಚಾರ್ಜರನ್ನು ಕೊಳ್ಳುವುದೇ ಲೇಸು.

ಮಂದಬೆಳಕಿನಲ್ಲಿ ತೆರೆಯ ನೋಟ ಕಾಳುಕಾಳಾಗುತ್ತದೆ, ತುಸು ತಡವರಿಸುತ್ತದೆ. ಗಾಜಿನ ಮೂಲಕ ನೋಡಿ ಅಭ್ಯಾಸವಾದ ಕಣ್ಣಿಗೆ ಇದು ಹಿತವಲ್ಲ. ಮಸೂರ ಬದಲಿಸುವಾಗ ಸಂವೇದಕದ ಮುಂದೆ ಕನ್ನಡಿಯ ಮರೆಯೂ ಇಲ್ಲದಿರುವುದರಿಂದ ಧೂಳು ನೇರವಾಗಿ ಒಳಹೊಕ್ಕೀತು. ಗಾಳಿ ಬೀಸುವ ಬಯಲಿನಲ್ಲಿ ಆ ಕೆಲಸ ಮಾಡಕೂಡದು.

ಇನ್ನೊಂದು ಮರ್ಮವನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಕನ್ನಡಿ ಹೋದರೆ ಕುಗ್ಗುವುದು ಒಡಲು, ಮಸೂರವಲ್ಲ. ದೂರದ ಹಕ್ಕಿಯನ್ನು ಹತ್ತಿರ ತರುವ ಮಸೂರ ಸಂವೇದಕದ ಅಳತೆಗೆ ತಕ್ಕಂತೆ ದೊಡ್ಡದಾಗಿಯೇ ಇರಬೇಕು. ಅದನ್ನು ಜೋಡಿಸಿದೊಡನೆ ಪುಟ್ಟ ಕ್ಯಾಮರಾ ಮುಂದಕ್ಕೆ ಬಾಗುತ್ತದೆ. ಚಿಕ್ಕ ಹಿಡಿಯಲ್ಲಿ ಬೆರಳು ನೋಯುತ್ತದೆ. ಎ6000ದೊಡನೆ ಬರುವ 16–50 ಮಿಲಿಮೀಟರ್ ಮಸೂರ ಕೇವಲ 116 ಗ್ರಾಂ ತೂಗಿ, ಬೇಡವಾದಾಗ ಮೂರು ಸೆಂಟಿಮೀಟರಿಗೆ ಮಡಚಿಕೊಳ್ಳುತ್ತದೆ ನಿಜ. ಆದರೆ ಆ ಕಿರಿತನಕ್ಕಾಗಿ ಅಂಚುಗಳ ಸ್ಪಷ್ಟತೆಯನ್ನು ಬಿಟ್ಟುಕೊಟ್ಟಿದೆ. ಡೊಂಕಾಗುವ ನೇರಗೆರೆಗಳನ್ನು ಕ್ಯಾಮರಾದೊಳಗಿನ ಗಣಕವೇ ತಿದ್ದಬೇಕು.

ಜಿಪುಣತನದ ಕೊರತೆಗಳು

ಕೆಲವು ದೋಷಗಳಿಗೆ ಕನ್ನಡಿಯನ್ನು ದೂರಿ ಫಲವಿಲ್ಲ; ಅವು ಬೆಲೆ ತಗ್ಗಿಸಲು ಮಾಡಿದ ಉಳಿತಾಯಗಳು. ಈ ಮಾದರಿಯ ತೆರೆ ಮುಟ್ಟಿದರೆ ಸ್ಪಂದಿಸುವುದಿಲ್ಲ. ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆ ಒಡಲಿನಲ್ಲಿಲ್ಲ. ಇದೇ ಬಳಗದಲ್ಲಿ ಅದು ಬಂದುದು 2016ರ ಎ6500ರಲ್ಲಿ. ಚಲನಚಿತ್ರ ತೆಗೆಯುವವರಿಗೆ ಹೊರಗಿನ ಮೈಕು ಜೋಡಿಸಲು ರಂಧ್ರವಿಲ್ಲ. ಮಳೆ ತಡೆಯುವ ಬಿಗಿ ಇಲ್ಲದ್ದರಿಂದ ಆಷಾಢದ ಜೋಗದೆದುರು ಕೊಡೆಯ ಕೆಳಗೇ ಅದರ ವಾಸ.

ಯಾರಿಗೆ ಒಪ್ಪುತ್ತದೆ?

ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಕ್ಯಾಮರಾವುಳ್ಳ ಫೋನು ಇರುವಾಗ ಇನ್ನೊಂದು ಯಂತ್ರವೇಕೆ ಎಂಬ ಪ್ರಶ್ನೆ ನ್ಯಾಯವಾದುದೇ. ಹಗಲಿನ ಬೆಳಕಿನಲ್ಲಿ ತೆಗೆದು ಫೋನಿನಲ್ಲಿಯೇ ನೋಡುವ ಚಿತ್ರಗಳಾದರೆ ಹೊಸ ಖರ್ಚು ಅನಗತ್ಯ. ಆದರೆ ಶಾಲಾ ವಾರ್ಷಿಕೋತ್ಸವದ ಮಂಕು ರಂಗದ ಮೇಲೆ ಕುಣಿಯುವ ಮಗಳು, ದೀಪದ ಬೆಳಕಿನಲ್ಲಿ ದಸರಾ ಗೊಂಬೆ ಜೋಡಿಸುವ ತಾಯಿ, ಗೋಡೆಗೆ ಹಾಕಿಸಬೇಕಾದ ದೊಡ್ಡ ಪ್ರತಿ, ಇವು ಬೆಳಕಿನ ಬಡತನವನ್ನು ಎದುರಿಸಬಲ್ಲ ದೊಡ್ಡ ಸಂವೇದಕವನ್ನೂ ಒಳ್ಳೆಯ ಮಸೂರವನ್ನೂ ಬೇಡುತ್ತವೆ. ಅಂಥವರು ಒಡಲಿನ ಹೊಸ ಮಾದರಿಗಳ ಹಿಂದೆ ಓಡುವುದಕ್ಕಿಂತ, ಹಳೆಯ ಒಡಲಿಗೆ ವಿಶಾಲ ಕಣ್ಣಿನ ಮಸೂರವೊಂದನ್ನು ಕೊಳ್ಳುವುದು ಜಾಣತನ. 2016ರಲ್ಲಿ ಬಂದ ಸಿಗ್ಮಾ ಸಂಸ್ಥೆಯ 30 ಮಿಲಿಮೀಟರ್ ಎಫ್ 1.4 ಅಂಥದೊಂದು.

ಒಬ್ಬರು ಬಳಸಿದುದನ್ನು ಕೊಳ್ಳುವವರು ಮೂರು ಪರೀಕ್ಷೆಗಳನ್ನು ಮರೆಯಬಾರದು. ಮಸೂರದ ರಂಧ್ರವನ್ನು ಕಿರಿದಾಗಿಸಿ ಬಿಳಿಯ ಗೋಡೆಯ ಚಿತ್ರ ತೆಗೆದರೆ ಸಂವೇದಕದ ಮೇಲಿನ ಧೂಳು ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಮಡಚುವ ಮಸೂರ ತಡೆಯಿಲ್ಲದೆ, ಕಿರುಗುಟ್ಟದೆ ಚಾಚಬೇಕು. ತುಂಬಿಸಿದ ಬ್ಯಾಟರಿ ಅರ್ಧ ಗಂಟೆಯಲ್ಲಿ ಸೊರಗಕೂಡದು.

ಕನ್ನಡಿ ಹೋದ ಕ್ಯಾಮರಾ ಕಣ್ಣಿಗೆ ನೇರವಾದ ಗಾಜಿನ ನೋಟವನ್ನು ಕಸಿದುಕೊಂಡು, ಅದಕ್ಕೆ ಬದಲಾಗಿ ಭುಜದ ಭಾರವನ್ನು ಇಳಿಸಿದೆ. ಬ್ಯಾಟರಿಯ ಚಿಂತೆಯನ್ನು ಎರಡನೆಯ ಬ್ಯಾಟರಿಯಿಂದಲೂ, ಮಂಕು ಬೆಳಕನ್ನು ಒಳ್ಳೆಯ ಮಸೂರದಿಂದಲೂ ಗೆಲ್ಲಬಹುದು. ಮನೆಯಲ್ಲೇ ಬಿಟ್ಟುಬಂದ ಕ್ಯಾಮರಾದಿಂದ ಕೈತಪ್ಪಿದ ಗಳಿಗೆಯನ್ನು ಮಾತ್ರ ಯಾವ ಅಂಗಡಿಯಲ್ಲಿಯೂ ಮರಳಿ ಕೊಳ್ಳಲಾಗದು. ಸಂಸಾರಸ್ಥರ ಲೆಕ್ಕದಲ್ಲಿ ತಕ್ಕಡಿ ಈ ಪುಟ್ಟ ಯಂತ್ರದ ಕಡೆಗೆ ವಾಲುವುದು ಆ ಕಾರಣದಿಂದಲೇ.