ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರ: ಅಂತರಜಾಲದಲ್ಲಿ ಉಚಿತ ಕಲಿಕೆ

ಬೆಲೆ ಏರಿಕೆಯ ಪ್ರಮಾಣ, ಮಳೆಯ ಮುನ್ಸೂಚನೆ, ಚುನಾವಣಾ ಸಮೀಕ್ಷೆ, ಔಷಧದ ಪರಿಣಾಮ ಮುಂತಾದ ವಿಷಯಗಳು ಇಂದು ನಾಗರಿಕರನ್ನು ಸಂಖ್ಯೆಗಳ ರೂಪದಲ್ಲಿಯೇ ತಲುಪುತ್ತವೆ. ಈ ಸಂಖ್ಯೆಗಳನ್ನು ಓದಬಲ್ಲವರು ಅನೇಕರು. ಅವುಗಳ ಅರ್ಥವನ್ನು ಸರಿಯಾಗಿ ಗ್ರಹಿಸಬಲ್ಲವರು ಕೆಲವರು ಮಾತ್ರ. ಈ ಕೊರತೆಯನ್ನು ನೀಗಿಸಲು ಬೇಕಾದ ಪಾಠಗಳು ಅಂತರಜಾಲದಲ್ಲಿ ಉಚಿತವಾಗಿಯೇ ದೊರೆಯುತ್ತವೆ. ಅವುಗಳನ್ನು ಯಾವ ಕ್ರಮದಲ್ಲಿ ಬಳಸಬೇಕೆಂಬುದೇ ಮುಖ್ಯವಾದ ಪ್ರಶ್ನೆ.

ಏಕೆ ಕಲಿಯಬೇಕು?

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. 10,000 ಜನರಿರುವ ಊರಿನಲ್ಲಿ 100 ಜನರಿಗೆ ಒಂದು ರೋಗವಿದೆ. ರೋಗವಿರುವವರಲ್ಲಿ ಶೇಕಡ 90 ಮಂದಿಯನ್ನು ಗುರುತಿಸುವ ರಕ್ತಪರೀಕ್ಷೆಯೊಂದಿದೆ. ಆದರೆ ರೋಗವಿಲ್ಲದವರಲ್ಲಿಯೂ ಶೇಕಡ 5 ಮಂದಿಗೆ ಅದು 'ರೋಗವಿದೆ' ಎಂದು ತಪ್ಪಾಗಿ ತೋರಿಸುತ್ತದೆ. ಪರೀಕ್ಷೆಯಲ್ಲಿ 'ರೋಗವಿದೆ' ಎಂಬ ಫಲಿತಾಂಶ ಪಡೆದ ವ್ಯಕ್ತಿಗೆ ನಿಜವಾಗಿಯೂ ರೋಗವಿರುವ ಸಂಭವ ಎಷ್ಟು?

ಬಹುಮಂದಿ ಶೇಕಡ 90 ಎಂದು ಉತ್ತರಿಸುತ್ತಾರೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ರೋಗವಿರುವ 100 ಜನರಲ್ಲಿ 90 ಮಂದಿಗೆ ಈ ಫಲಿತಾಂಶ ಬರುತ್ತದೆ. ರೋಗವಿಲ್ಲದ 9,900 ಜನರಲ್ಲಿ ಶೇಕಡ 5, ಅಂದರೆ 495 ಮಂದಿಗೂ ಅದೇ ಫಲಿತಾಂಶ ಬರುತ್ತದೆ. ಒಟ್ಟು 585 ಮಂದಿಯಲ್ಲಿ ನಿಜವಾದ ರೋಗಿಗಳು 90 ಮಾತ್ರ. ಎಂದರೆ ಸುಮಾರು ಶೇಕಡ 15. ಇನ್ನೊಂದೆಡೆ 10 ಮಂದಿ ರೋಗಿಗಳು ಪರೀಕ್ಷೆಯ ಕಣ್ಣಿಗೆ ಬೀಳದೆ ಉಳಿದಿರುತ್ತಾರೆ. ಆದ್ದರಿಂದ ಮೊದಲ ಫಲಿತಾಂಶದಿಂದಲೇ ಧೈರ್ಯಗೆಡುವುದೂ ಸರಿಯಲ್ಲ, ಮೈಮರೆಯುವುದೂ ಸರಿಯಲ್ಲ; ವೈದ್ಯರು ಸೂಚಿಸುವ ಮರುಪರೀಕ್ಷೆಗೆ ಇಲ್ಲಿಯೇ ಅರ್ಥವಿದೆ. ಈ ಲೆಕ್ಕಕ್ಕೆ ಆಧಾರವಾದ ಬೇಯ್ಸ್ ಪ್ರಮೇಯವನ್ನು ಹನ್ನೆರಡನೆಯ ತರಗತಿಯ ಗಣಿತದಲ್ಲಿ ಬೋಧಿಸಲಾಗುತ್ತದೆ.

ಮೊದಲ ಮೆಟ್ಟಿಲು: ಶಾಲಾ ಪಠ್ಯ

ಶಾಲೆ ಬಿಟ್ಟು ಹಲವು ವರ್ಷಗಳಾದವರು ಹತ್ತನೆಯ ತರಗತಿಯ ಪಠ್ಯದಿಂದಲೇ ಆರಂಭಿಸುವುದು ಒಳ್ಳೆಯದು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಕನ್ನಡ ಮಾಧ್ಯಮದ ಗಣಿತ ಪುಸ್ತಕಗಳು ಉಚಿತವಾಗಿ ದೊರೆಯುವುದರಿಂದ ಮುಂಬಯಿ, ಚೆನ್ನೈ, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರೂ ಅವುಗಳನ್ನು ಪಡೆಯಬಹುದು. ಖಾನ್ ಅಕಾಡೆಮಿಯ ಶಾಲಾ ಗಣಿತದ ಅನೇಕ ಪಾಠಗಳೂ ಕನ್ನಡದಲ್ಲಿವೆ. ಮುಂದಿನ ಹಂತಕ್ಕೆ ಎನ್‌ಸಿಇಆರ್‌ಟಿಯ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳ ಪುಸ್ತಕಗಳು ನೆರವಾಗುತ್ತವೆ.

ಈ ಹಂತದಲ್ಲಿ ಸರಾಸರಿ ಮತ್ತು ಮಧ್ಯಾಂಕಗಳ ಭೇದವನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕು. ಒಂದು ಕಾರ್ಖಾನೆಯಲ್ಲಿ ಒಂಬತ್ತು ಮಂದಿಗೆ ತಿಂಗಳಿಗೆ 20,000 ರೂಪಾಯಿ, ಮಾಲೀಕರಿಗೆ 3,80,000 ರೂಪಾಯಿ ಆದಾಯವಿದೆಯೆಂದು ಭಾವಿಸೋಣ. ಹತ್ತು ಮಂದಿಯ ಸರಾಸರಿ ಆದಾಯ 56,000 ರೂಪಾಯಿ; ಮಧ್ಯಾಂಕ 20,000 ರೂಪಾಯಿ. ಎರಡೂ ಲೆಕ್ಕಗಳು ಸರಿಯಾಗಿಯೇ ಇವೆ. ಆದರೆ ಕಾರ್ಮಿಕರ ಸ್ಥಿತಿಯನ್ನು ತಿಳಿಸುವುದು ಎರಡನೆಯದು ಮಾತ್ರ.

ಎರಡನೆಯ ಮೆಟ್ಟಿಲು: ಕಾಲೇಜು ಮಟ್ಟದ ಪಾಠಗಳು

ಭಾರತೀಯ ತಂತ್ರಜ್ಞಾನ ಸಂಸ್ಥೆಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಯೋಜನೆಯಲ್ಲಿ ಈ ಎರಡೂ ವಿಷಯಗಳ ಉಪನ್ಯಾಸಗಳಿವೆ. 2017ರಲ್ಲಿ ಭಾರತ ಸರ್ಕಾರವು ಆರಂಭಿಸಿದ 'ಸ್ವಯಂ' ವೇದಿಕೆಯ ಮೂಲಕ ಅವುಗಳಿಗೆ ಹೆಸರು ನೋಂದಾಯಿಸಿಕೊಳ್ಳಬಹುದು. ಕಲಿಕೆ ಉಚಿತ, ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಪಾವತಿಸಿ ಪರೀಕ್ಷೆ ಬರೆಯಬೇಕು. ಇಂಗ್ಲಿಷ್ ಬಲ್ಲವರಿಗೆ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಮುಕ್ತ ಪಾಠಮಾಲೆಯೂ ಲಭ್ಯವಿದೆ. ಅಲ್ಲಿ ಉಪನ್ಯಾಸದೊಡನೆ ಸಮಸ್ಯೆಗಳನ್ನೂ ಅವುಗಳ ಉತ್ತರಗಳನ್ನೂ ಒದಗಿಸಲಾಗಿದೆ.

ಹಲವು ಪಾಠಮಾಲೆಗಳನ್ನು ಒಟ್ಟಿಗೆ ಆರಂಭಿಸಿ ಯಾವುದನ್ನೂ ಮುಗಿಸದೆ ಬಿಡುವುದು ಸ್ವಯಂಕಲಿಕೆಯ ದೊಡ್ಡ ದೋಷ. ಒಂದನ್ನೇ ಆರಿಸಿಕೊಂಡು ಕೊನೆಯವರೆಗೆ ಅನುಸರಿಸಬೇಕು. ಉಪನ್ಯಾಸ ಕೇಳುವಾಗ ಎಲ್ಲವೂ ತಿಳಿದಂತೆಯೇ ತೋರುತ್ತದೆ. ಕಾಗದ, ಲೇಖನಿ ಹಿಡಿದು ಸಮಸ್ಯೆ ಬಿಡಿಸಿದಾಗಲೇ ತಿಳಿದದ್ದೆಷ್ಟು, ತಿಳಿಯದೆ ಉಳಿದದ್ದೆಷ್ಟು ಎಂಬುದು ಗೊತ್ತಾಗುತ್ತದೆ.

ಮೂರನೆಯ ಮೆಟ್ಟಿಲು: ನೈಜ ಅಂಕಿಅಂಶಗಳು

ಜನಗಣತಿಯ ಕೋಷ್ಟಕಗಳು ಅಂತರಜಾಲದಲ್ಲಿ ಎಲ್ಲರಿಗೂ ಲಭ್ಯವಿವೆ. 2011ರ ಗಣತಿಯಂತೆ ದೇಶದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 4.37 ಕೋಟಿ, ಅವರಲ್ಲಿ ಕರ್ನಾಟಕದಲ್ಲಿದ್ದವರು ಸುಮಾರು 4.06 ಕೋಟಿ. ಹೊರಗಿದ್ದವರ ಪ್ರಮಾಣ ಶೇಕಡ 7ರಷ್ಟು ಎಂಬುದನ್ನು ಕಲಿಯುವವರು ತಾವೇ ಲೆಕ್ಕ ಹಾಕಬಹುದು. ಅವರು ಯಾವ ರಾಜ್ಯಗಳಲ್ಲಿ ಎಷ್ಟೆಷ್ಟು ಇದ್ದರೆಂದು ಕೋಷ್ಟಕದಿಂದ ಹುಡುಕಿ ನಕ್ಷೆ ಬಿಡಿಸುವುದು ಉತ್ತಮ ಅಭ್ಯಾಸ. ದೊಡ್ಡ ಲೆಕ್ಕಗಳಿಗೆ 'ಆರ್' ಎಂಬ ಉಚಿತ ತಂತ್ರಾಂಶವಿದೆ. ನಾಣ್ಯವೊಂದನ್ನು ಸಾವಿರ ಬಾರಿ ಚಿಮ್ಮಿದರೆ ಏನಾಗುತ್ತದೆ ಎಂಬುದನ್ನೂ ಅದರಲ್ಲಿ ಕ್ಷಣಮಾತ್ರದಲ್ಲಿ ಪರೀಕ್ಷಿಸಬಹುದು.

ನಮ್ಮ ಪರಂಪರೆ

ಈ ಶಾಸ್ತ್ರಕ್ಕೆ ಭಾರತದ ಕೊಡುಗೆ ದೊಡ್ಡದು. ಪ್ರಶಾಂತ ಚಂದ್ರ ಮಹಲನೋಬಿಸ್ ಅವರು 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಜನ್ಮದಿನವಾದ ಜೂನ್ 29 ಅನ್ನು 2007ರಿಂದ ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸಲಾಗುತ್ತಿದೆ. ಅದೇ ಸಂಸ್ಥೆಯಲ್ಲಿ ಬೆಳೆದ ಸಿ. ಆರ್. ರಾವ್ ಅವರು 1920ರಲ್ಲಿ ಹೂವಿನ ಹಡಗಲಿಯಲ್ಲಿ ಜನಿಸಿದವರು. 1945ರ ಅವರ ಪ್ರಬಂಧವೊಂದು ಜಗತ್ತಿನ ಸಂಖ್ಯಾಶಾಸ್ತ್ರಕ್ಕೆ ಹೊಸ ಅಡಿಪಾಯ ಹಾಕಿತು; 2023ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಸಂದಿತು.

ಎಲ್ಲರೂ ಇಂತಹ ವಿದ್ವಾಂಸರಾಗಬೇಕಿಲ್ಲ. ಆದರೆ ಶೇಕಡಾವಾರು ಸಂಖ್ಯೆಯೊಂದು ಕಂಡಾಗ 'ಎಷ್ಟು ಜನರಲ್ಲಿ? ಯಾರನ್ನು ಎಣಿಸಿ?' ಎಂದು ಕೇಳುವ ಅಭ್ಯಾಸ ಪ್ರತಿಯೊಬ್ಬ ನಾಗರಿಕರಿಗೂ ಬೇಕು. ದಿನಕ್ಕೆ ಅರ್ಧ ಗಂಟೆಯ ಶ್ರದ್ಧೆಯಿಂದ ಈ ಅಭ್ಯಾಸವನ್ನು ಬೆಳೆಸಿಕೊಳ್ಳಬಹುದು.